ಬೆಳಕಿಂಡಿಯ ಒಡೆಯರು

ಸಂತೆಯಲ್ಲಿ ಕೊಳ್ಳುವವರು ನಾಲ್ವರಿದ್ದರೆ ಮಾರುವವನ ಮಾತಿಗೆ ಬೆಲೆಯುಂಟು; ಒಬ್ಬನೇ ಇದ್ದರೆ ಅವನು ಹೇಳಿದ್ದೇ ಬೆಲೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಹಣ್ಣು ಹೇರಿಕೊಂಡು ಹೋಗುವ ಯಲ್ದೂರು ಸೀಮೆಯ ರೈತನಿಗೆ ಈ ತತ್ತ್ವವನ್ನು ಯಾವ ಅರ್ಥಶಾಸ್ತ್ರಜ್ಞನೂ ಬೋಧಿಸಬೇಕಾಗಿಲ್ಲ. ಆದರೆ ಅದೇ ರೈತನ ಅಂಗಿಯ ಜೇಬಿನಲ್ಲಿ ಇನ್ನೊಂದು ಮಂಡಿ ಹಗಲಿರುಳೂ ತೆರೆದಿರುತ್ತದೆಂಬುದನ್ನೂ, ಅಲ್ಲಿ ಅವನ ಕಣ್ಣೋಟವೇ ಸರಕೆಂಬುದನ್ನೂ ಅವನಿಗೆ ಹೇಳಿದವರು ವಿರಳ.

ಪಹಣಿಯ ಪ್ರತಿ ತೆಗೆಯಬೇಕು, ರೇಷ್ಮೆಗೂಡಿನ ಧಾರಣೆ ತಿಳಿಯಬೇಕು, ಮಗಳ ಪರೀಕ್ಷೆಯ ಫಲಿತಾಂಶ ನೋಡಬೇಕು. ಹೀಗೆ ಯಾವ ಕೆಲಸಕ್ಕೇ ಆಗಲಿ, ಅವನು ಫೋನನ್ನು ತೆಗೆದು ಬೆರಳಿಡುವುದು ಬಹುಮಟ್ಟಿಗೆ ಬ್ರೌಸರಿನ ಮೇಲೆ. ‘ಜಾಲದರ್ಶಕ’ವೆಂದು ಬಲ್ಲವರು ಹೆಸರಿಟ್ಟಿದ್ದರೂ ಬಳಕೆಯಲ್ಲಿ ನಿಂತದ್ದು ಬ್ರೌಸರ್ ಎಂಬ ಮಾತೇ. ದೂರದ ಗಣಕಯಂತ್ರದಲ್ಲಿರುವ ಪುಟವನ್ನು ತಂದು, ಅದರ ಸಂಕೇತಗಳನ್ನು ಓದಿ, ಅಕ್ಷರವನ್ನೂ ಚಿತ್ರವನ್ನೂ ಅವುಗಳ ಸ್ಥಾನದಲ್ಲಿ ಜೋಡಿಸಿ ತೋರಿಸುವುದು ಅದರ ಕೆಲಸ. ಹಳೆಯ ಮಾಳಿಗೆ ಮನೆಯ ನಡುಮನೆಗೆ ಆಕಾಶವನ್ನಿಳಿಸುತ್ತಿದ್ದ ಬೆಳಕಿಂಡಿಗೆ ಅದನ್ನು ಹೋಲಿಸಬಹುದು. ಕಿಂಡಿ ಎಷ್ಟಗಲವೋ ಒಳಗಿರುವವರಿಗೆ ಆಕಾಶವೂ ಅಷ್ಟೇ ಅಗಲ. ಕಿಂಡಿಯನ್ನು ಕೊರೆದವರು ಯಾರು, ಎತ್ತ ಮುಖವಾಗಿ ಕೊರೆದರು ಎಂಬ ವಿಚಾರ ಆದಕಾರಣ ಅಲ್ಪವಾದುದಲ್ಲ.

ಬಿಟ್ಟಿ ವಸ್ತುವಿನ ಬೆಲೆ

ಬ್ರೌಸರನ್ನು ಯಾರೂ ಹಣ ಕೊಟ್ಟು ಕೊಳ್ಳುವುದಿಲ್ಲವಷ್ಟೆ. ಬಿಟ್ಟಿ ಕೊಡುವ ವಸ್ತುವಿಗಾಗಿ ಇಷ್ಟು ಹೊಡೆದಾಟವೇಕೆ ಎಂದು ವಾಚಕರು ಕೇಳಬಹುದು. ಉತ್ತರ ಅಮೆರಿಕದ ನ್ಯಾಯಾಲಯವೊಂದರ ಕಡತದಲ್ಲಿದೆ. ಬ್ರೌಸರುಗಳಲ್ಲಿಯೂ ಫೋನುಗಳಲ್ಲಿಯೂ ಹುಡುಕುವ ಪೆಟ್ಟಿಗೆ ತನ್ನದೇ ಆಗಿರಬೇಕೆಂದು ಗೂಗಲ್ ಸಂಸ್ಥೆ 2021ನೆಯ ಇಸವಿಯೊಂದರಲ್ಲಿಯೇ ಇತರ ಸಂಸ್ಥೆಗಳಿಗೆ ತೆತ್ತ ಹಣ 2,630 ಕೋಟಿ ಡಾಲರು. ಜನರು ಮೊದಲು ಏನನ್ನು ಕಾಣುತ್ತಾರೋ ಅದನ್ನೇ ಬಳಸುತ್ತಾರೆ. ಬದಲಾಯಿಸುವ ಗೋಜಿಗೆ ಹೋಗುವವರು ಕೆಲವರೇ. ಬಾಗಿಲಲ್ಲಿ ಯಾರನ್ನು ನಿಲ್ಲಿಸಬೇಕೆಂಬ ಅಧಿಕಾರಕ್ಕೆ ಅಷ್ಟು ಬೆಲೆ.

ಈ ಹೋರಾಟದ ಮೊದಲನೆಯ ಪರ್ವ ನಡೆದುದು ಕಳೆದ ಶತಮಾನದ ಕೊನೆಯಲ್ಲಿ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1993ರಲ್ಲಿ ಹುಟ್ಟಿದ ಮೊಸಾಯಿಕ್ ಬ್ರೌಸರು ಚಿತ್ರಸಹಿತವಾದ ಪುಟಗಳನ್ನು ಸಾಮಾನ್ಯರ ಕೈಗೆ ತಂದಿತು. ಅದನ್ನು ಕಟ್ಟಿದವರಲ್ಲಿ ಕೆಲವರು ಮರುವರ್ಷವೇ ನೆಟ್‌ಸ್ಕೇಪ್ ಅನ್ನು ಹೊರತಂದರು. 1995ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಕಣಕ್ಕಿಳಿಸಿ, ಮುಂದೆ ಅದನ್ನು ವಿಂಡೋಸಿನೊಂದಿಗೇ ಕಟ್ಟಿಕೊಟ್ಟಿತು. ಯಂತ್ರ ಕೊಂಡವನ ಮನೆಗೆ ಬ್ರೌಸರು ತಾನಾಗಿ ಬಂದು ಕುಳಿತಮೇಲೆ ಇನ್ನೊಂದನ್ನು ಹುಡುಕಿ ಹೋಗುವ ಶ್ರಮ ಯಾರಿಗೆ ಬೇಕು? ಅಮೆರಿಕದ ಸರ್ಕಾರ 1998ರ ಮೇ ತಿಂಗಳಲ್ಲಿ ದಾವೆ ಹೂಡಿತು. 2000ದಲ್ಲಿ ಸಂಸ್ಥೆಯನ್ನು ಎರಡಾಗಿ ಒಡೆಯಬೇಕೆಂಬ ಆಜ್ಞೆಯೂ ಹೊರಟಿತು. 2001ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಕೊನೆಗೆ ರಾಜಿಯಾಯಿತು. ಅಷ್ಟರಲ್ಲಿ ನೆಟ್‌ಸ್ಕೇಪಿನ ಉಸಿರು ಕ್ಷೀಣಿಸಿತ್ತು. 2002–03ರ ಹೊತ್ತಿಗೆ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಪಾಲು ಎಕ್ಸ್‌ಪ್ಲೋರರಿನದಾಗಿತ್ತು.

ಗೆದ್ದವನು ಮುಂದೆ ಮಾಡಿದ್ದೇನು? ಮಲಗಿದನು. ಆರನೆಯ ಆವೃತ್ತಿ 2001ರಲ್ಲಿ ಬಂತು. ಏಳನೆಯದು ಬಂದುದು 2006ರಲ್ಲಿ. ಈ ಐದು ವರ್ಷದ ನಿದ್ರೆಯನ್ನು ಕೆಡಿಸಿದುದು, ನೆಟ್‌ಸ್ಕೇಪಿನ ಬೂದಿಯಿಂದ ಎದ್ದು 2004ರ ನವೆಂಬರ್ 9ರಂದು ಹೊರಬಂದ ಫೈರ್‌ಫಾಕ್ಸ್.

ಎರಡು ತಕ್ಕಡಿಗಳ ನಡುವೆ ಕನ್ನಡ

ಈ ಕಾಳಗದಲ್ಲಿ ಕನ್ನಡದ ಗತಿ ಏನಾಯಿತೆಂಬುದು ನಮಗೆ ಸಂಬಂಧಿಸಿದ ಪ್ರಶ್ನೆ. ಡಾ. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲಿಯೇ ಅಂತರಜಾಲವನ್ನೇರಿತು. ಆಗ ಓದುಗನ ಯಂತ್ರದಲ್ಲಿ ಕನ್ನಡದ ಅಕ್ಷರರೂಪಗಳು ಇರುತ್ತಿರಲಿಲ್ಲ. ಇದ್ದರೂ ಒಬ್ಬೊಬ್ಬರದು ಒಂದೊಂದು ಬಗೆ. ಪುಟದೊಂದಿಗೇ ಅಕ್ಷರಗಳನ್ನೂ ಕಳುಹಿಸುವ ಉಪಾಯವನ್ನು 1997ರಲ್ಲಿ ಎರಡು ಬಣದವರೂ ಕಂಡುಹಿಡಿದರು. ಆದರೆ ನೆಟ್‌ಸ್ಕೇಪ್ ಒಪ್ಪಿದ ಕಡತವನ್ನು ಎಕ್ಸ್‌ಪ್ಲೋರರ್ ಒಪ್ಪದು. ಎಕ್ಸ್‌ಪ್ಲೋರರಿನದು ನೆಟ್‌ಸ್ಕೇಪಿಗೆ ಸಲ್ಲದು. ಒಂದರಲ್ಲಿ ಕನ್ನಡವಾಗಿ ಕಂಡ ಲೇಖನ ಇನ್ನೊಂದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಕೊಳ್ಳುವವರು ಇಬ್ಬರಿದ್ದರು, ನಿಜ. ಆದರೆ ಒಬ್ಬೊಬ್ಬರ ತಕ್ಕಡಿ ಒಂದೊಂದು ತೂಕ ತೋರಿಸುತ್ತಿತ್ತು. ಅಂಥ ಪೈಪೋಟಿಯಿಂದ ಸಣ್ಣ ಭಾಷೆಗೆ ಸುಖವಿಲ್ಲ.

ತಕ್ಕಡಿಯನ್ನು ಸರಿಪಡಿಸಿದುದು ಯೂನಿಕೋಡ್. ಲೋಕದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಅಂಕೆಯನ್ನು ಗೊತ್ತುಮಾಡುವ ಈ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಕನ್ನಡ ಅಕ್ಷರರೂಪ ಬಂದಿತು. ಅಂಕೆಯೊಂದಾದರೂ ತೋರಿಸುವ ಕೌಶಲ ಎಲ್ಲರಿಗೂ ಸಮನಾಗಿರಲಿಲ್ಲ. ಫೈರ್‌ಫಾಕ್ಸಿನ ಮೊದಲ ಆವೃತ್ತಿಗಳಲ್ಲಿ, ಸಾಲಿನ ಎರಡೂ ಅಂಚುಗಳನ್ನು ಸಮಗೊಳಿಸಿದ ಪುಟಗಳಲ್ಲಿ ನಮ್ಮ ಒತ್ತಕ್ಷರಗಳು ಚದುರಿಬೀಳುತ್ತಿದ್ದುವು. 2008ರ ಮೂರನೆಯ ಆವೃತ್ತಿ ಈ ದೋಷವನ್ನು ತಿದ್ದಿತು. ಆ ಬ್ರೌಸರಿನ ಸೂಚನೆಗಳನ್ನೆಲ್ಲ ಸ್ವಯಂಸೇವಕರು ಕನ್ನಡಕ್ಕೆ ತಂದರು. ತೂಕ ಒಂದಾಗಿ, ಕೊಳ್ಳುವವರು ಹಲವರಾದಾಗಲೇ ಕನ್ನಡಕ್ಕೆ ಮರ್ಯಾದೆ ಬಂತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಹಳ್ಳಿಗಳಿಗೆ ಅಂತರಜಾಲ ಬಂದುದಾದರೋ ಮೇಜಿನ ಮೇಲಿನ ಗಣಕಯಂತ್ರದಿಂದಲ್ಲ, ಗುಂಡಿ ಒತ್ತುವ ಫೋನಿನಿಂದ. ಆ ಫೋನುಗಳಲ್ಲಿ ಕನ್ನಡವೆಂದರೆ ಬರಿಯ ಚೌಕಗಳ ಸಾಲು. ನಾರ್ವೆ ದೇಶದಲ್ಲಿ ಹುಟ್ಟಿದ ಒಪೆರಾ ಮಿನಿ ಇದಕ್ಕೊಂದು ಯುಕ್ತಿ ಮಾಡಿತು: ಅದರ ಗುಪ್ತ ಪುಟದಲ್ಲಿ ಒಂದು ಆಯ್ಕೆಯನ್ನು ಬದಲಿಸಿದರೆ, ಅಕ್ಷರಗಳನ್ನು ದೂರದ ಯಂತ್ರವೇ ಚಿತ್ರವಾಗಿ ಬರೆದು ಕಳುಹಿಸುತ್ತಿತ್ತು. ಪುಟವನ್ನು ಕುಗ್ಗಿಸಿ ಕಳುಹಿಸುತ್ತಿದ್ದುದರಿಂದ ಖರ್ಚೂ ಕಡಮೆ. ಈ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟೇ ಎಷ್ಟೋ ಮಂದಿ ಕೈಯಲ್ಲಿ ಕನ್ನಡ ಓದಿದರು. ಬಳಿಕ ಚೀನಾದ ಯುಸಿ ಬ್ರೌಸರ್ ಅದೇ ಮಿತವ್ಯಯದ ಮಾರ್ಗದಿಂದ ಬಂದು, ಒಂದು ಕಾಲಕ್ಕೆ ಭಾರತದ ಫೋನುಗಳಲ್ಲಿ ಅರ್ಧದಷ್ಟು ಪಾಲನ್ನು ಗಳಿಸಿತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪುಗಳಲ್ಲಿ ಅದೂ ಒಂದಾಯಿತು. ಅಷ್ಟರಲ್ಲಿ ಆಂಡ್ರಾಯ್ಡ್ ಫೋನು ಎಲ್ಲೆಡೆ ಹಬ್ಬಿತ್ತು. 2012ರ ಅದರ 4.1ನೆಯ ಆವೃತ್ತಿಯಲ್ಲಿ ಕನ್ನಡವೂ ತೆಲುಗೂ ಒಟ್ಟಿಗೇ ಬಂದುವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ರೂಢಿಯುಳ್ಳ ಕುಟುಂಬಗಳು ಬಹಳವಾಗಿರುವ ಶ್ರೀನಿವಾಸಪುರ ತಾಲ್ಲೂಕಿಗೆ ಇದು ಎರಡು ಪಟ್ಟು ಲಾಭ. ಆ ಫೋನಿನೊಡನೆ ಗೂಗಲಿನ ಕ್ರೋಮ್ ಬ್ರೌಸರೂ ಮೊದಲೇ ಒಳಗೆ ಕುಳಿತು ಬರತೊಡಗಿತು.

ಒಂಬತ್ತನೆಯ ಕಾಲಂ

ಕ್ರೋಮ್ ಹುಟ್ಟಿದುದು 2008ರ ಸೆಪ್ಟೆಂಬರಿನಲ್ಲಿ. ವೇಗದಲ್ಲಿಯೂ ಭದ್ರತೆಯಲ್ಲಿಯೂ ಅದು ಅಂದಿನ ಬ್ರೌಸರುಗಳನ್ನು ಮೀರಿಸಿತ್ತೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಎಣಿಕೆಯಂತೆ 2012ರಲ್ಲಿ ಅದು ಎಕ್ಸ್‌ಪ್ಲೋರರನ್ನು ಹಿಂದೆ ಹಾಕಿತು. 2024ರಲ್ಲಿ ಲೋಕದ ಮೂರರಲ್ಲಿ ಎರಡು ಪಾಲಿನಷ್ಟು, ಭಾರತದ ಹತ್ತರಲ್ಲಿ ಎಂಟಕ್ಕೂ ಮಿಕ್ಕ ಪಾಲು ಅದರದಾಗಿತ್ತು. ಎಕ್ಸ್‌ಪ್ಲೋರರಿಗೆ ಮೈಕ್ರೋಸಾಫ್ಟೇ 2022ರ ಜೂನ್ 15ರಂದು ವಿದಾಯ ಹೇಳಿತು.

ಆದರೂ ಎಡ್ಜ್, ಒಪೆರಾ, ಬ್ರೇವ್ ಎಂದು ಹಲವು ಹೆಸರುಗಳಿವೆಯಲ್ಲ ಎನ್ನಬಹುದು. ಇದಕ್ಕೆ ಪಹಣಿಯ ದೃಷ್ಟಾಂತವೇ ಸಾಕು. ಪಹಣಿಯ 9ನೆಯ ಕಾಲಮಿನಲ್ಲಿ ಭೂಮಿಯ ಒಡೆಯನ ಹೆಸರು, 12ನೆಯದರಲ್ಲಿ ಸಾಗುವಳಿ ಮಾಡುವವನ ಹೆಸರು. ಈ ಬ್ರೌಸರುಗಳೆಲ್ಲ 12ನೆಯ ಕಾಲಮಿನವು. ಪುಟವನ್ನು ಓದಿ ಚಿತ್ರಿಸುವ ಒಳಯಂತ್ರ ಅವಕ್ಕೆಲ್ಲ ಒಂದೇ. ಗೂಗಲಿನ ನೇತೃತ್ವದಲ್ಲಿ ಬೆಳೆದ ಕ್ರೋಮಿಯಂ. ಒಪೆರಾ 2013ರಲ್ಲಿ ತನ್ನ ಸ್ವಂತ ಯಂತ್ರವನ್ನು ಬಿಟ್ಟು ಅದರ ಒಕ್ಕಲಾಯಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟಿನ ಎಡ್ಜ್ ಸಹ. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ 2010ರಲ್ಲಿ ಭಾರತೀಯ ಭಾಷೆಗಳ ಬೆರಳಚ್ಚಿನ ಸೌಕರ್ಯವಿರುವ ‘ಎಪಿಕ್’ ಬ್ರೌಸರನ್ನು ಫೈರ್‌ಫಾಕ್ಸಿನ ತಳಹದಿಯ ಮೇಲೆ ಕಟ್ಟಿತು; 2013ರಲ್ಲಿ ಅದೂ ಕ್ರೋಮಿಯಮಿಗೆ ಬಂತು. ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳೊಂದಿಗೆ 2020ರಲ್ಲಿ ಬಂದ ಜಿಯೋಪೇಜಸ್ ಹುಟ್ಟಿದುದೇ ಆ ನೆಲದಲ್ಲಿ. ಬೇರೆ ಭೂಮಿಯನ್ನು ಉಳಿಸಿಕೊಂಡಿರುವವರಲ್ಲಿ ಮುಖ್ಯರು ಇಬ್ಬರು: ಫೈರ್‌ಫಾಕ್ಸಿನ ಮೊಜಿಲ್ಲಾ ಮತ್ತು ಸಫಾರಿಯ ಆ್ಯಪಲ್.

ಇದರಿಂದಾಗುವ ಅಪಾಯವೇನೆಂದರೆ, ಕೊಳ್ಳುವವನ ಕೈಗೇ ತಕ್ಕಡಿಯೂ ಹೋಗುವುದು. ಪುಟಗಳ ಸಂಕೇತಗಳು ಹೇಗಿರಬೇಕೆಂದು ಗೊತ್ತುಮಾಡಲು 1994ರಲ್ಲಿ ಟಿಮ್ ಬರ್ನರ್ಸ್-ಲೀ ಸ್ಥಾಪಿಸಿದ ವಿಶ್ವಜಾಲ ಒಕ್ಕೂಟವೇನೋ ಇದೆ. ಆದರೆ ಪುಟ ಕಟ್ಟುವವರು ಒಂದೇ ಬ್ರೌಸರಿನಲ್ಲಿ ನೋಡಿ ‘ಸರಿಯಿದೆ’ ಎಂದುಬಿಟ್ಟರೆ, ಬರೆದ ನಿಯಮಕ್ಕಿಂತ ಆ ಬ್ರೌಸರಿನ ಅಭ್ಯಾಸವೇ ನಿಯಮವಾಗುತ್ತದೆ. ದಕ್ಷಿಣ ಕೊರಿಯದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿಯ ಬ್ಯಾಂಕುಗಳೂ ಸರ್ಕಾರಿ ಕಚೇರಿಗಳೂ ತಮ್ಮ ಭದ್ರತೆಯ ಏರ್ಪಾಡನ್ನು ಎಕ್ಸ್‌ಪ್ಲೋರರಿಗೆ ಮಾತ್ರ ಹೊಂದಿಸಿಕೊಂಡು, ಲೋಕವೆಲ್ಲ ಅದನ್ನು ಬಿಟ್ಟಮೇಲೂ ವರ್ಷಗಟ್ಟಲೆ ಬಿಡಲಾರದೆ ಒದ್ದಾಡಿದುವು. ಒಂದು ದೇಶವೇ ಒಂದು ಕಂಪನಿಯ ಹಳೆಯ ಸರಕಿಗೆ ಸೆರೆಯಾಗಬಹುದು. ಅದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ, ಎಲ್ಲರ ಉದಾಸೀನ ಸಾಕು.

ನ್ಯಾಯಾಸನಗಳು ಸುಮ್ಮನಿಲ್ಲ. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು, ಆಂಡ್ರಾಯ್ಡ್ ಬಲವನ್ನು ಬಳಸಿ ಇತರ ವ್ಯವಹಾರಗಳೊಂದಿಗೆ ಕ್ರೋಮಿನ ಸ್ಥಾನವನ್ನೂ ಕಾಯ್ದುಕೊಂಡಿದೆಯೆಂದು ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿಯ ನ್ಯಾಯಮಂಡಲಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟಿನಲ್ಲಿ ಗೂಗಲ್ ಹುಡುಕಾಟದ ಕ್ಷೇತ್ರದಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆಯೆಂದು ತೀರ್ಪಿತ್ತರು; ಕ್ರೋಮನ್ನು ಮಾರಿಸಬೇಕೆಂಬ ಸರ್ಕಾರದ ಬೇಡಿಕೆಯನ್ನು ಮಾತ್ರ 2025ರ ಸೆಪ್ಟೆಂಬರಿನಲ್ಲಿ ಒಪ್ಪದೆ, ಇತರರನ್ನು ಹೊರಗಿಡುವ ಕರಾರುಗಳನ್ನು ನಿಷೇಧಿಸಿದರು.

ನ್ಯಾಯಾಲಯವು ಬಾಗಿಲನ್ನು ತೆರೆಸಬಹುದು. ಒಳಗೆ ಹೋಗುವ ಕಾಲು ನಮ್ಮದೇ ಆಗಬೇಕು. ಸರ್ಕಾರದ ಪುಟಗಳನ್ನು ಕಟ್ಟುವವರು ಅವನ್ನು ಎರಡು ಮೂರು ಬೇರೆ ಒಳಯಂತ್ರಗಳ ಬ್ರೌಸರುಗಳಲ್ಲಿ ತೆರೆದು ನೋಡಿದ ಹೊರತು ಜನರ ಮುಂದಿಡಬಾರದು. ಕನ್ನಡ ಪತ್ರಿಕೆಗಳ ತಾಣಗಳಿಗೂ ಈ ಮಾತು ಸಲ್ಲುತ್ತದೆ. ಯಲ್ದೂರಿನ ರೈತ ತನ್ನ ಫೋನಿನಲ್ಲಿ ಫೈರ್‌ಫಾಕ್ಸನ್ನೂ ಇಟ್ಟುಕೊಂಡರೆ ಕ್ಯಾಲಿಫೋರ್ನಿಯದ ಸಂಸ್ಥೆಗೆ ನಷ್ಟವೇನೂ ತಟ್ಟದು. ಆದರೆ ಪಹಣಿಯ ಪುಟ ಅದರಲ್ಲಿ ತೆರೆಯದೆ ಹೋದ ದಿನ ತಾಲ್ಲೂಕು ಕಚೇರಿಯಲ್ಲಿ ಕೇಳುವುದಕ್ಕೆ ಅವನಿಗೊಂದು ಪ್ರಶ್ನೆ ಸಿಕ್ಕೀತು. ಕೇಳುವವರು ಹತ್ತು ಮಂದಿಯಾದರೆ, ಕಟ್ಟುವವರು ಉತ್ತರ ಹೇಳಬೇಕಾದೀತು.