ಎತ್ತಿನ ಗಾಡಿಯ ಓಟದಲ್ಲಿ ಹವ್ಯಾಸಿ ಸಾರಥಿಗೆ ಶಿಕ್ಷಣದ ನೆರವು

ಬೀರೂರು ಜಂಕ್ಷನ್ನಿನಲ್ಲಿ ರೈಲುದಾರಿಯು ಎರಡಾಗಿ ಕವಲೊಡೆದು, ಒಂದು ತರೀಕೆರೆಯ ಮಾರ್ಗವಾಗಿ ಶಿವಮೊಗ್ಗದ ಕಡೆಗೂ ಇನ್ನೊಂದು ಅಜ್ಜಂಪುರದ ಮಾರ್ಗವಾಗಿ ಚಿಕ್ಕಜಾಜೂರಿನ ಕಡೆಗೂ ಸಾಗುತ್ತದೆ. ಬೆಂಗಳೂರಿನ ಕಡೆಯಿಂದ ಬರುವವರಿಗೆ ಬೀರೂರಿಗಿಂತ ಮೊದಲು ಸಿಕ್ಕುವ ಊರು ಕಡೂರು. ಕಾಫಿಯ ಸೀಮೆಯೆಂದು ಹೆಸರಾದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಈ ಮೂರು ತಾಲ್ಲೂಕುಗಳ ಬಹುಭಾಗವು ಬಯಲುನಾಡು, ದನಕರುಗಳ ನಾಡು. ಸುಗ್ಗಿಯ ಕೆಲಸ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಇಲ್ಲಿಯ ಹಳ್ಳಿಗಳಲ್ಲಿ ಜೋಡೆತ್ತಿನ ಗಾಡಿಗಳ ಓಟದ ಮಾತು ಕೇಳಿಬರುತ್ತದೆ. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಸುತ್ತಣ ಊರುಗಳ ಭಕ್ತರು ಗಾಡಿ ಕಟ್ಟಿಕೊಂಡು, ಎತ್ತುಗಳನ್ನು ಓಡಿಸುತ್ತ ಬರುವ ವಾಡಿಕೆಯೂ ಉಂಟು.

ಈ ಓಟಗಳಲ್ಲಿ ಗಾಡಿ ಹೊಡೆಯುವವರು ಅದನ್ನೇ ವೃತ್ತಿಯಾಗಿ ಹಿಡಿದವರಲ್ಲ. ಅವರು ರೈತರು ಮತ್ತು ರೈತರ ಮಕ್ಕಳು. ಓಟವು ಅವರ ಹವ್ಯಾಸ. ಇವರಲ್ಲಿ ಅನೇಕರು ಮೊದಲ ಒಂದೆರಡು ವರ್ಷ ಬೇಗ ಮುಂದುವರಿದು ಅನಂತರ ಒಂದೇ ಮಟ್ಟದಲ್ಲಿ ನಿಂತುಬಿಡುತ್ತಾರೆ. ಹೀಗೆ ನಿಲ್ಲುವುದಕ್ಕೆ ಕಾರಣವೇನು, ಬಲ್ಲ ಶಿಕ್ಷಕನೊಬ್ಬನು ತಿದ್ದಿದರೆ ಮುಂದುವರಿಯುವುದು ಹೇಗೆ, ಆ ಶಿಕ್ಷಣವು ಈಗ ಹಿಂದಿಗಿಂತಲೂ ಅಗತ್ಯವಾಗಿರುವುದು ಏಕೆ ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧. ಅನುಭವವೆಂಬುದರ ಅಳತೆ

"ಹತ್ತು ವರ್ಷದ ಅನುಭವ" ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಅದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಒಬ್ಬ ಸಾರಥಿಯು ವರ್ಷಕ್ಕೆ ಹತ್ತು ಪಂದ್ಯಗಳಲ್ಲಿ ಭಾಗವಹಿಸುವನೆಂದೂ, ಪ್ರತಿ ಪಂದ್ಯದಲ್ಲಿ ಮೂರು ಸಲ ಓಡುವನೆಂದೂ, ಪ್ರತಿ ಓಟಕ್ಕೆ ಇಪ್ಪತ್ತು ಸೆಕೆಂಡುಗಳೆಂದೂ ಭಾವಿಸಿದರೆ, ವರ್ಷಕ್ಕೆ ಒಟ್ಟು ೬೦೦ ಸೆಕೆಂಡು, ಎಂದರೆ ಹತ್ತೇ ನಿಮಿಷ. ಹತ್ತು ವರ್ಷಗಳ ಅನುಭವವು ಎರಡು ಗಂಟೆಯೂ ಆಗದು. ಆ ಅಲ್ಪಕಾಲವಾದರೂ ಜನರ ಕೂಗಾಟ, ಧೂಳು, ಆತಂಕಗಳ ನಡುವೆ ಕಳೆದುಹೋಗುತ್ತದೆ. ಓಟ ಮುಗಿದ ಮೇಲೆ ಸಾರಥಿಗೆ ತಿಳಿಯುವುದು ಗೆದ್ದೆನೋ ಸೋತೆನೋ ಎಂಬುದು ಮಾತ್ರ. ಎಲ್ಲಿ ತಪ್ಪಿದೆನೆಂಬುದು ತಿಳಿಯುವುದಿಲ್ಲ.

ಹಿಂದೆ ಈ ಕೊರತೆಯನ್ನು ಹೊಲವೇ ತುಂಬಿಕೊಡುತ್ತಿತ್ತು. ಉಳುವಾಗ, ಗೊಬ್ಬರ ಹೇರುವಾಗ, ಸಂತೆಗೆ ಹೋಗಿಬರುವಾಗ ಹುಡುಗನು ದಿನವೂ ಎತ್ತುಗಳ ಸಂಗಡ ಇರುತ್ತಿದ್ದನು. ಹಗ್ಗವನ್ನು ಎಷ್ಟು ಬಿಗಿಯಬೇಕು, ಎಲ್ಲಿ ಸಡಿಲಬೇಕು ಎಂಬುದನ್ನು ತಂದೆಯೋ ಅಜ್ಜನೋ ಪಕ್ಕದಲ್ಲಿ ನಡೆಯುತ್ತ ತಿದ್ದುತ್ತಿದ್ದರು. ಶಿಕ್ಷಣವೆಂಬ ಹೆಸರಿಲ್ಲದೆಯೇ ಅದು ಶಿಕ್ಷಣವಾಗಿತ್ತು. ಟ್ರಾಕ್ಟರು, ಟಿಲ್ಲರುಗಳು ಬಂದ ಮೇಲೆ ಹೊಲದ ಈ ಪಾಠಶಾಲೆಯು ಬಹುಮಟ್ಟಿಗೆ ಮುಚ್ಚಿಹೋಯಿತು. ಓಟದ ಎತ್ತುಗಳನ್ನು ಓಟಕ್ಕಾಗಿಯೇ ಸಾಕುವ ಮನೆಯ ಯುವಕನು ಕಣಕ್ಕೆ ಇಳಿಯುವಾಗ ಅವನಲ್ಲಿ ಉತ್ಸಾಹವಿರುತ್ತದೆ, ಅಡಿಪಾಯವಿರುವುದಿಲ್ಲ.

೨. ಪುನರಾವೃತ್ತಿಯೂ ಕಲಿಕೆಯೂ

ಮಾಡಿದ್ದನ್ನೇ ಮಾಡುವುದರಿಂದ ಕೌಶಲವು ಬೆಳೆಯುವುದೆಂಬ ನಂಬಿಕೆಯು ಪೂರ್ಣಸತ್ಯವಲ್ಲ. ಬ್ರಯಾನ್ ಮತ್ತು ಹಾರ್ಟರ್ ಎಂಬ ಅಮೆರಿಕದ ವಿದ್ವಾಂಸರು ತಂತಿ ಕಲಿಯುವವರ ಪ್ರಗತಿಯನ್ನು ಅಳೆದು ೧೮೯೭ರಲ್ಲಿ ಪ್ರಕಟಿಸಿದರು. ಸಂದೇಶವನ್ನು ಗ್ರಹಿಸುವ ವೇಗವು ಕೆಲಕಾಲ ಏರಿ, ಅನಂತರ ಬಹುದಿನ ಏರದೆ ಸಮತಟ್ಟಾಗಿ ನಿಂತು, ಮತ್ತೆ ಏರುವುದನ್ನು ಅವರು ತೋರಿಸಿದರು. ಬಿಡಿ ಅಕ್ಷರಗಳನ್ನು ಕೇಳುವ ಅಭ್ಯಾಸದಿಂದ ಇಡೀ ಪದಗಳನ್ನು ಕೇಳುವ ಅಭ್ಯಾಸಕ್ಕೆ ಕಲಿಯುವವನು ದಾಟುವವರೆಗೂ ಈ ಸಮತಟ್ಟು ಉಳಿಯುವುದೆಂದು ಅವರು ವಿವರಿಸಿದರು.

ಥಾರ್ನ್‌ಡೈಕನು ೧೯೩೧ರ ತನ್ನ ಗ್ರಂಥದಲ್ಲಿ ವಿವರಿಸಿರುವ ಪ್ರಯೋಗವು ಇನ್ನೂ ಬೋಧಪ್ರದವಾದುದು. ಕಣ್ಣು ಮುಚ್ಚಿಕೊಂಡು ನಾಲ್ಕು ಅಂಗುಲದ ಗೆರೆಯನ್ನು ಸಾವಿರಾರು ಸಲ ಎಳೆದರೂ, ಎಳೆದ ಗೆರೆ ಸರಿಯೋ ತಪ್ಪೋ ಎಂದು ಹೇಳುವವರಿಲ್ಲದಿದ್ದರೆ ಸುಧಾರಣೆಯು ಕಂಡುಬರಲಿಲ್ಲ. ಸರಿತಪ್ಪುಗಳನ್ನು ಹೇಳತೊಡಗಿದಾಗ ಸುಧಾರಣೆಯು ಕಾಣಿಸಿತು. ಗಾಡಿಯ ಮೇಲಿರುವವನು ಕಣ್ಣು ತೆರೆದಿದ್ದರೂ ಒಂದರ್ಥದಲ್ಲಿ ಕಣ್ಣು ಮುಚ್ಚಿದವನೇ. ತನ್ನ ಬೆನ್ನಿನ ಬಾಗನ್ನು, ಗಾಡಿಯ ಮೂಕಿ ಏರಿಳಿಯುವುದನ್ನು, ನೊಗವು ಓರೆಯಾಗುವ ಕ್ಷಣವನ್ನು ಅವನು ಕಾಣಲಾರನು. ಹೊರಗೆ ನಿಂತವನು ಕಾಣಬಲ್ಲನು. ಶಿಕ್ಷಕನ ಮೊದಲ ಉಪಕಾರವು ಇದೇ: ಕಲಿಯುವವನಿಗೆ ಕಾಣದುದನ್ನು ಕಾಣಿಸುವುದು.

೩. ಶಿಕ್ಷಕನು ಕಾಣುವುದೇನು

ಇದನ್ನು ಮೂರು ಉದಾಹರಣೆಗಳಿಂದ ಸ್ಪಷ್ಟಪಡಿಸಬಹುದು.

ಮೊದಲನೆಯದು, ಸಾರಥಿಯ ನೆಲೆ. ಎರಡು ಚಕ್ರದ ಗಾಡಿಯು ಅಚ್ಚಿನ ಮೇಲೆ ತೂಗುವ ತಕ್ಕಡಿ. ಸಾರಥಿಯು ಅಚ್ಚಿನಿಂದ ಮುಂದಕ್ಕೆ ಸರಿದರೆ ಎತ್ತುಗಳ ಹೆಗಲಿನ ಮೇಲೆ ಭಾರ ಹೆಚ್ಚುತ್ತದೆ. ಹಿಂದಕ್ಕೆ ಸರಿದರೆ ಮೂಕಿಯು ಮೇಲೇಳಲು ಹವಣಿಸಿ, ನೊಗವನ್ನು ಕೊರಳಿಗೆ ಬಿಗಿದ ಜತ್ತಿಗೆಯು ಗಂಟಲನ್ನು ಒತ್ತುತ್ತದೆ. ಅಚ್ಚಿನಿಂದ ನೊಗಕ್ಕೆ ೩ ಮೀಟರು ಅಂತರವಿದ್ದು, ೬೦ ಕಿಲೋಗ್ರಾಂ ತೂಕದ ಸಾರಥಿಯು ೩೦ ಸೆಂಟಿಮೀಟರಿನಷ್ಟು ಸರಿದನೆನ್ನೋಣ. ಸನ್ನೆಕೋಲಿನ ನಿಯಮದಂತೆ ನೊಗದ ಮೇಲಣ ಭಾರದಲ್ಲಿ ೬ ಕಿಲೋಗ್ರಾಮಿನ ವ್ಯತ್ಯಾಸವಾಗುತ್ತದೆ. ಭರದಿಂದ ಓಡುತ್ತಿರುವ ಪ್ರಾಣಿಗೆ ಉಸಿರಿನ ದಾರಿಯಲ್ಲಿ ಬೀಳುವ ಈ ಒತ್ತಡವು ಅಲ್ಪವಲ್ಲ. ಎತ್ತು ತಲೆಯನ್ನು ಎತ್ತಿ ಹೆಜ್ಜೆ ಕಿರಿದುಮಾಡಿದಾಗ, ತಿಳಿಯದ ಸಾರಥಿಯು ಅದನ್ನು ಸೋಮಾರಿತನವೆಂದು ಬಗೆದು ಹೊಡೆಯುತ್ತಾನೆ. ತಪ್ಪು ಇರುವುದು ಅವನು ಕುಳಿತ ಜಾಗದಲ್ಲಿ.

ಎರಡನೆಯದು, ದಿಕ್ಕು. ಎರಡು ಎತ್ತುಗಳ ಹೆಜ್ಜೆ ಎಂದಿಗೂ ಪೂರ್ತಿ ಸಮವಲ್ಲ. ಒಂದು ತುಸು ಮುಂದಾದರೆ ನೊಗವು ಓರೆಯಾಗಿ ಗಾಡಿಯು ಇನ್ನೊಂದರ ಕಡೆಗೆ ಜಾರುತ್ತದೆ. ಒಂದೇ ಡಿಗ್ರಿಯಷ್ಟು ಓರೆಯಾದ ಗಾಡಿಯು ನೂರು ಮೀಟರು ಓಡುವಷ್ಟರಲ್ಲಿ ಸುಮಾರು ೧.೭೫ ಮೀಟರು ಪಕ್ಕಕ್ಕೆ ಸರಿದಿರುತ್ತದೆ. ಕಣದ ಅಂಚಿನಲ್ಲಿ ಜನರು ಕಿಕ್ಕಿರಿದು ನಿಂತಿರುವಲ್ಲಿ ಈ ಒಂದೂಮುಕ್ಕಾಲು ಮೀಟರು ಸೋಲುಗೆಲವಿನ ಮಾತಲ್ಲ, ಸಾವುನೋವಿನ ಮಾತು. ಹೊಸಬನ ದೃಷ್ಟಿಯು ಎತ್ತುಗಳ ಬಾಲದ ಮೇಲಿರುವುದರಿಂದ ಓರೆಯು ಬಹಳ ಬೆಳೆದ ಮೇಲೆ ಅವನಿಗೆ ತಿಳಿಯುತ್ತದೆ. ಆಗ ಅವನು ಹಗ್ಗವನ್ನು ಜಗ್ಗುತ್ತಾನೆ. ದೃಷ್ಟಿಯನ್ನು ಕಣದ ಕೊನೆಯಲ್ಲಿ ನೆಟ್ಟು, ಓರೆಯನ್ನು ಮೊದಲ ಹತ್ತು ಹೆಜ್ಜೆಗಳಲ್ಲಿಯೇ ಬೆರಳಿನಷ್ಟು ಎಳೆತದಿಂದ ತಿದ್ದುವುದನ್ನು ಕಲಿಸಬೇಕು.

ಮೂರನೆಯದು, ಹೊರಡುವ ಹೊತ್ತು. ಆತಂಕಗೊಂಡ ಸಾರಥಿಯು ಹಗ್ಗವನ್ನು ಹಿಂದಕ್ಕೆ ಜಗ್ಗಿ ಹಿಡಿದುಕೊಂಡೇ ಎತ್ತುಗಳನ್ನು ಕೂಗಿ ಹುರಿದುಂಬಿಸುತ್ತಾನೆ. ಮೂಗುದಾರವು ನಿಲ್ಲೆಂದೂ ಧ್ವನಿಯು ಓಡೆಂದೂ ಹೇಳಿದರೆ ಪ್ರಾಣಿಯು ಯಾವುದನ್ನು ಕೇಳಬೇಕು? ಯೆರ್ಕ್ಸ್ ಮತ್ತು ಡಾಡ್ಸನ್ ಎಂಬವರು ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ, ಕಠಿಣವಾದ ಕಲಿಕೆಯಲ್ಲಿ ಪ್ರಚೋದನೆಯು ಮಿತಿಮೀರಿದರೆ ಫಲವು ಕುಂದುವುದೆಂದು ೧೯೦೮ರಲ್ಲಿಯೇ ಸೂಚಿಸಿದ್ದರು. ಓಟದ ಕಣದಲ್ಲಿ ಇದು ಎತ್ತಿಗೂ ಮನುಷ್ಯನಿಗೂ ಸಮಾನವಾಗಿ ಅನ್ವಯಿಸುವಂತೆ ತೋರುತ್ತದೆ.

೪. ಪಾಠದ ಕ್ರಮ

ತಪ್ಪನ್ನು ತೋರಿಸಿದ ಮಾತ್ರಕ್ಕೆ ಶಿಕ್ಷಕನ ಕೆಲಸವು ಮುಗಿಯಲಿಲ್ಲ. ಮೂರು ತಪ್ಪುಗಳನ್ನು ಒಮ್ಮೆಲೇ ತಿದ್ದಹೊರಟರೆ ಕಲಿಯುವವನು ಕಂಗೆಡುತ್ತಾನೆ. ಬಲ್ಲ ಶಿಕ್ಷಕನು ಕೆಲಸವನ್ನು ಬಿಡಿಸಿ ಒಂದೊಂದು ಅಂಗವನ್ನು ನಿಧಾನಗತಿಯಲ್ಲಿ ಅಭ್ಯಾಸ ಮಾಡಿಸುತ್ತಾನೆ: ಮೊದಲು ನಡಿಗೆಯಲ್ಲಿ ಸಮತೋಲ, ಬಳಿಕ ದಾಪುಗಾಲಿನಲ್ಲಿ ದಿಕ್ಕು, ಅನಂತರ ನಿಲ್ಲಿಸುವುದು, ಕಟ್ಟಕಡೆಗೆ ವೇಗ. ಓಡಿಸುವುದಕ್ಕಿಂತ ಮುಂಚೆ ನಿಲ್ಲಿಸುವುದನ್ನು ಕಲಿಸುವ ಈ ಕ್ರಮವು ಹುಡುಗರಿಗೆ ರುಚಿಸದು. ಆದರೆ ಇದನ್ನು ಬಿಟ್ಟು ಮುಂದೆ ಹೋದವನು ಸಮತಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಾನೆ.

ಇಂಥ ಕ್ರಮವು ಈ ಸೀಮೆಗೆ ಹೊಸದಲ್ಲ. ಅಜ್ಜಂಪುರದಲ್ಲಿ ೧೯೨೯ರಿಂದ ಅಮೃತ ಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಂದ ಬೆಳೆದು, ಟಿಪ್ಪುಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರನ್ನು ಪಡೆದ ಈ ತಳಿಯು ಸೈನ್ಯದ ಸಾಮಗ್ರಿಗಳನ್ನು ಎಳೆಯುವುದರಲ್ಲಿ ಹೆಸರಾಗಿತ್ತು. ಕಾವಲುಗಳಲ್ಲಿ ಸ್ವೇಚ್ಛೆಯಾಗಿ ಬೆಳೆದ ಈ ಹೋರಿಗಳು ಚುರುಕು, ಮುಂಗೋಪಿ. ಒರಟಾಗಿ ನಡೆಸಿಕೊಂಡರೆ ಹಠಹಿಡಿಯುವವು. ಆದಕಾರಣ ಇವನ್ನು ಪಳಗಿಸುವುದಕ್ಕೆ ತಾಳ್ಮೆಯೇ ಮುಖ್ಯವೆಂಬುದು ಬಹುಕಾಲದ ಅನುಭವ. ಎಳೆಯ ಎತ್ತನ್ನು ಪಳಗಿದ ಹಳೆಯ ಎತ್ತಿನ ಜೊತೆಗೆ ಕಟ್ಟಿ ನಡೆಸುವ ಪದ್ಧತಿಯನ್ನು ರೈತರೆಲ್ಲರೂ ಬಲ್ಲರು. ಎಳೆಯ ಎತ್ತಿಗೆ ಹಳೆಯ ಎತ್ತು ಬೇಕೆಂದು ಒಪ್ಪುವ ನಾವು, ಎಳೆಯ ಸಾರಥಿಗೆ ಮಾತ್ರ ಯಾರೂ ಬೇಡವೆಂದು ಭಾವಿಸುವುದು ವಿಚಿತ್ರವಾಗಿದೆ.

ಮೋಟಾರು ಓಟದಲ್ಲಿ ಈ ತತ್ತ್ವವು ಶಾಸ್ತ್ರವಾಗಿಯೇ ಬೆಳೆದಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರು ಬಳಿಯ ಚೆಟ್ಟಿಪಾಳ್ಯ ಮುಂತಾದ ಪಥಗಳಲ್ಲಿ ಕಾರು ಓಡಿಸಹೊರಟ ಹವ್ಯಾಸಿಯು ಸಾಮಾನ್ಯವಾಗಿ ತಿರುವಿನೊಳಕ್ಕೆ ಅತಿವೇಗದಿಂದ ನುಗ್ಗಿ, ತಿರುವಿನಿಂದ ಹೊರಬರುವಾಗ ವೇಗವನ್ನು ಕಳೆದುಕೊಳ್ಳುತ್ತಾನೆ. ಮುಂದಿನ ನೇರದಾರಿಯ ಉದ್ದಕ್ಕೂ ಆ ನಷ್ಟವು ಅವನನ್ನು ಹಿಂಬಾಲಿಸುತ್ತದೆ. ಪಕ್ಕದ ಆಸನದಲ್ಲಿ ಕುಳಿತ ಶಿಕ್ಷಕನು ಮೊದಲು ನಿಧಾನಿಸುವುದನ್ನೂ ದೂರ ನೋಡುವುದನ್ನೂ ಕಲಿಸುತ್ತಾನೆ. ಬ್ರೇಕು ಹಾಕಿದ ಜಾಗ ಮತ್ತು ವೇಗಗಳನ್ನು ಯಂತ್ರವು ದಾಖಲಿಸಿದ ರೇಖೆಗಳನ್ನು ಮುಂದಿಟ್ಟು ತಪ್ಪನ್ನು ತೋರಿಸುತ್ತಾನೆ. ಯಂತ್ರ ಬೇರೆ, ಪ್ರಾಣಿ ಬೇರೆ. ಆದರೆ ಕಲಿಯುವ ಮನುಷ್ಯನು ಒಬ್ಬನೇ.

ನಮ್ಮ ನಾಡಿನಲ್ಲಿಯೇ ಹತ್ತಿರದ ನಿದರ್ಶನವು ಕರಾವಳಿಯ ಕಂಬಳದ್ದು. ೨೦೧೧ರಲ್ಲಿ ಗುಣಪಾಲ ಕಡಂಬರು ಕಾರ್ಕಳದಲ್ಲಿ ಕಂಬಳದ ಓಟಗಾರರಿಗಾಗಿ ತರಬೇತಿ ಅಕಾಡೆಮಿಯನ್ನು ಆರಂಭಿಸಿದರು. ಮನೆತನದ ಗುಟ್ಟಾಗಿದ್ದ ವಿದ್ಯೆಯನ್ನು ಶಿಬಿರದ ಪಾಠವಾಗಿ ಮಾಡಿ, ವ್ಯಾಯಾಮವನ್ನೂ ಕೋಣಗಳ ಆರೈಕೆಯನ್ನೂ ಒಟ್ಟಿಗೆ ಕಲಿಸಿದುದು ಅದರ ವಿಶೇಷ. ಬಯಲುಸೀಮೆಯ ಗಾಡಿ ಓಟಕ್ಕೂ ಇಂಥದೊಂದು ಏರ್ಪಾಡು ಅಸಾಧ್ಯವೇನಲ್ಲ.

೫. ಬಾರುಕೋಲಿನ ಪ್ರಶ್ನೆ

ಈ ವಿಷಯದಲ್ಲಿ ಬಹುಮಾನಕ್ಕಿಂತ ದೊಡ್ಡದಾದ ಒಂದು ಪ್ರಶ್ನೆ ಅಡಗಿದೆ. ೨೦೧೪ರ ಮೇ ೭ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಗಳ ಓಟವನ್ನೂ ನಿಷೇಧಿಸಿತು. ಪ್ರಾಣಿಹಿಂಸೆಯನ್ನು ತಡೆಯುವ ೧೯೬೦ರ ಕಾಯಿದೆಗೆ ಕರ್ನಾಟಕವು ತಂದ ತಿದ್ದುಪಡಿಗೆ ೨೦೧೮ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ೨೦೨೩ರ ಮೇ ೧೮ರಂದು ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಓಟಕ್ಕೆ ಅನುಮತಿ ದೊರೆತಿರುವುದು ಪ್ರಾಣಿಗೆ ಅನಗತ್ಯವಾದ ನೋವಾಗಕೂಡದೆಂಬ ಕಟ್ಟಿನೊಳಗೆ.

ಈ ಕಟ್ಟನ್ನು ಪಾಲಿಸಬಲ್ಲವನು ಯಾರು? ಎತ್ತನ್ನು ಹೊಡೆಯುವುದಕ್ಕೂ ಬಾಲ ತಿರುಚುವುದಕ್ಕೂ ಕ್ರೌರ್ಯವೊಂದೇ ಕಾರಣವಲ್ಲ. ಅನೇಕ ವೇಳೆ ಅಜ್ಞಾನವೇ ಕಾರಣ. ಬೇರೆ ಉಪಾಯವನ್ನು ಅರಿಯದವನ ಕೈಗೆ ಬಾರುಕೋಲು ತಾನಾಗಿಯೇ ಬರುತ್ತದೆ. ಸರಿಯಾದ ನೆಲೆಯಲ್ಲಿ ಕುಳಿತು, ಹಗುರವಾದ ಕೈಯಿಂದ ದಿಕ್ಕು ಹಿಡಿದು, ಧ್ವನಿಗೆ ಎತ್ತುಗಳನ್ನು ಒಗ್ಗಿಸಿಕೊಂಡವನಿಗೆ ಅದರ ಅಗತ್ಯ ಕಡಿಮೆ. ಕಾಯಿದೆಯು ಕೋಲನ್ನು ಕಸಿದುಕೊಳ್ಳಬಲ್ಲದು; ಕೋಲಿನ ಜಾಗದಲ್ಲಿ ಕೌಶಲವನ್ನು ಇಡುವುದು ಶಿಕ್ಷಣದಿಂದ ಮಾತ್ರ ಸಾಧ್ಯ.

೬. ಶಿಕ್ಷಣದ ಮಿತಿ

ಶಿಕ್ಷಕನಿಂದ ಎಲ್ಲವೂ ಆಗುವುದೆಂದು ನಾವು ಹೇಳುವುದಿಲ್ಲ. ಎತ್ತಿನ ತಳಿ, ಮೇವು, ಆರೋಗ್ಯ, ವಯಸ್ಸುಗಳು ಓಟದ ಫಲವನ್ನು ಬಹಳಮಟ್ಟಿಗೆ ನಿರ್ಧರಿಸುತ್ತವೆ. ಅಲ್ಲದೆ ತಿದ್ದುವಿಕೆಯೂ ಅತಿಯಾಗಬಾರದು. ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ವಿದ್ವಾಂಸರು ೧೯೮೪ರಲ್ಲಿ ಅಂದಿನವರೆಗಿನ ಪ್ರಯೋಗಗಳನ್ನು ಪರಿಶೀಲಿಸಿ, ಹೆಜ್ಜೆಹೆಜ್ಜೆಗೂ ಫಲಿತಾಂಶವನ್ನು ಹೇಳುತ್ತಿದ್ದರೆ ಕಲಿಯುವವನು ಅದಕ್ಕೆ ಆತುಕೊಂಡು, ಹೇಳುವವನಿಲ್ಲದಾಗ ಹಿಂದೆ ಬೀಳುವ ಸಂಭವವಿದೆಯೆಂದು ತೋರಿಸಿದರು. ಓಟದ ಹೊತ್ತಿನಲ್ಲಿ ಸಾರಥಿಯು ಒಬ್ಬಂಟಿಗನು. ಆದುದರಿಂದ ಒಳ್ಳೆಯ ಶಿಕ್ಷಕನು ಬರಬರುತ್ತ ಮಾತನ್ನು ಕಡಿಮೆಮಾಡಿ, ಓಟ ಮುಗಿದ ಮೇಲೆ "ಎಲ್ಲಿ ಓರೆಯಾಯಿತು?" ಎಂದು ಶಿಷ್ಯನನ್ನೇ ಕೇಳುತ್ತಾನೆ. ಶಿಷ್ಯನ ಉತ್ತರವು ತಾನು ಕಂಡುದಕ್ಕೆ ಸರಿಹೊಂದಿದ ದಿನ ಪಾಠವು ಅವನೊಳಗೆ ಇಳಿಯಿತೆಂದು ತಿಳಿಯಬಹುದು.

ಈ ಮೂರು ತಾಲ್ಲೂಕುಗಳಲ್ಲಿ ಎತ್ತುಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಅರಿವು ಬರಹಕ್ಕೆ ಇಳಿದಿರುವುದು ಅಲ್ಪ. ಅದು ಇರುವುದು ಕೈಯಲ್ಲಿ, ಕಣ್ಣಿನಲ್ಲಿ, ಧ್ವನಿಯಲ್ಲಿ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹಲವರು ಇಂಥ ಮನೆಗಳಿಂದಲೇ ಬಂದವರು. ಅಜ್ಜನು ಮೊಮ್ಮಗನಿಗೆ ಗಾಡಿ ಹೊಡೆಯಲು ಕಲಿಸುವಾಗ ಮೊದಲು ಏನನ್ನು ಹೇಳುತ್ತಾನೆ, ಏನನ್ನು ಹೇಳದೆ ಬಿಡುತ್ತಾನೆ ಎಂಬುದನ್ನು ಅವರು ಗಮನವಿಟ್ಟು ಬರೆದಿಟ್ಟರೆ, ಅದು ಕಲಿಕೆಯ ಮನಶ್ಶಾಸ್ತ್ರಕ್ಕೂ ಎತ್ತುಗಳ ಹಿತಕ್ಕೂ ಏಕಕಾಲದಲ್ಲಿ ಸಲ್ಲುವ ಸೇವೆಯಾದೀತು.