ಹಡಗು ಬಂತು, ವಿಮಾನ ಬಂತು – ನಮಗೇನು ಬಂತು?

ಸಂಜೆ ಕಲಿಕಾ ಕೇಂದ್ರದಲ್ಲಿ ನಾವು ಪೇಪರ್ ಓದುತ್ತಾ ಇದ್ದೆವು. ‘ಬಂದರು ಅಭಿವೃದ್ಧಿ’ ಎಂಬ ತಲೆಬರಹ ಸಿಕ್ಕಿತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆವು. ಆಗ ಒಬ್ಬ ಅಕ್ಕ ಕೇಳಿದರು:

“ಅಲ್ಲ, ಬಂದರು ದೊಡ್ಡದು ಮಾಡುವುದು ಎಂತಕ್ಕೆ? ಅದರಿಂದ ನಮಗೆ ಎಂತ ಸಿಗ್ತದೆ?”

ಒಳ್ಳೆಯ ಪ್ರಶ್ನೆ. ಬನ್ನಿ, ಮಂಗಳೂರಿನ ಬಂದರು ಮತ್ತು ವಿಮಾನ ನಿಲ್ದಾಣದ ಕಥೆ ತಿಳಿಯೋಣ. ಉತ್ತರ ಅಲ್ಲೇ ಉಂಟು.

ಹಳೆ ಬಂದರು

ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಎಂಬ ಎರಡು ನದಿಗಳು ಸಮುದ್ರ ಸೇರುತ್ತವೆ. ಹೀಗೆ ಸೇರುವ ಜಾಗಕ್ಕೆ ಅಳಿವೆ ಬಾಗಿಲು ಎನ್ನುತ್ತೇವೆ. ಅದರ ಒಳಗಡೆ ಹಳೆ ಬಂದರು ಇದೆ. ಮೀನಿನ ದಕ್ಕೆಯೂ ಅಲ್ಲೇ. ಇಲ್ಲಿಂದ ಮಂಜಿಗಳು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುತ್ತವೆ.

ಮಳೆಗಾಲದಲ್ಲಿ ಹೊಳೆ ಮಣ್ಣು, ಮರಳು ತಂದು ಸುರಿಯುತ್ತದೆ. ಅದೇ ಹೂಳು. ಹೂಳು ತುಂಬಿದರೆ ನೀರಿನ ಆಳ ಕಡಿಮೆ ಆಗ್ತದೆ. ದೊಡ್ಡ ಹಡಗು ಒಳಗೆ ಬರಲಾರದು. ಮೀನಿನ ದೋಣಿಗೂ ಅಪಾಯ. ನಾವು ದಿನಾ ಅಂಗಳ ಗುಡಿಸುತ್ತೇವಲ್ಲ, ಹಾಗೆಯೇ ಹೂಳನ್ನೂ ಮತ್ತೆ ಮತ್ತೆ ತೆಗೆಯುತ್ತಾ ಇರಬೇಕು.

ಹೊಸ ಬಂದರು

ದೊಡ್ಡ ಹಡಗಿಗೆ ಆಳವಾದ ನೀರು ಬೇಕು. ಅದಕ್ಕಾಗಿ ಪಣಂಬೂರಿನಲ್ಲಿ 1960ರ ದಶಕದಲ್ಲಿ ಕೆಲಸ ಶುರುವಾಯಿತು. ದಡದ ನೆಲವನ್ನೇ ಅಗೆದು ದೊಡ್ಡ ಕೆರೆಯ ಹಾಗೆ ಮಾಡಿದರು. ಸಮುದ್ರದ ನೀರನ್ನು ಒಳಗೆ ಬಿಟ್ಟರು. ಅಲೆ ತಡೆಯಲು ಕಲ್ಲಿನ ಗೋಡೆ ಕಟ್ಟಿದರು. 1974ರ ಮೇ 4ರಂದು ಇದು ದೇಶದ 9ನೇ ಪ್ರಮುಖ ಬಂದರು ಆಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಈ ಬಂದರಿಗೆ ಏನೇನು ಬರುತ್ತದೆ? ಕಚ್ಚಾ ತೈಲ, ಕಲ್ಲಿದ್ದಲು, ಅಡುಗೆ ಅನಿಲ. ನಮ್ಮ ಮನೆಯ ಗ್ಯಾಸ್ ಕೂಡ ಹಡಗಿನಲ್ಲಿ ಬಂದದ್ದಿರಬಹುದು! ಆಫ್ರಿಕಾದಿಂದ ಗೇರುಬೀಜ ಬರುತ್ತದೆ. ಅದನ್ನು ಫ್ಯಾಕ್ಟರಿಯಲ್ಲಿ ಒಡೆದು, ಸಿಪ್ಪೆ ಸುಲಿದು, ವಿಂಗಡಿಸುವವರು ಯಾರು? ಹೆಚ್ಚಿನವರು ನಮ್ಮಂಥ ಹೆಂಗಸರೇ. ಹಡಗು ತಡವಾಗಿ ಬೀಜ ಮುಗಿದರೆ ನಮ್ಮ ಕೂಲಿಯೂ ನಿಲ್ಲಬಹುದು.

ಈಗ ಬಹಳ ಸಾಮಾನು ಕಂಟೇನರ್‌ನಲ್ಲಿ ಬರುತ್ತದೆ. ಕಂಟೇನರ್ ಎಂದರೆ ಲಾರಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಇದನ್ನು ತಲೆಯ ಮೇಲೆ ಹೊರಲು ಆಗ್ತದಾ? ಕ್ರೇನ್ ಬೇಕು. ಹೊಸ ಬಂದರಿನ 14ನೇ ದಕ್ಕೆಗೆ ಇಂಥ ಯಂತ್ರಗಳನ್ನು ಹಾಕಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಅದರ ಉದ್ಘಾಟನೆ ಆಯಿತು. ಯಂತ್ರದಿಂದ ಕೆಲಸ ಬೇಗ ಆಗ್ತದೆ. ಆದರೆ ಮೂಟೆ ಹೊರುವವರಿಗೆ ಬೇರೆ ಯಾವ ಕೆಲಸ? ಇದನ್ನೂ ಕೇಳಲೇಬೇಕು.

ಗುಡ್ಡದ ಮೇಲಿನ ವಿಮಾನ ನಿಲ್ದಾಣ

ನಮ್ಮ ವಿಮಾನ ನಿಲ್ದಾಣ ಬಜಪೆಯ ಗುಡ್ಡದ ಮೇಲೆ ಇದೆ. 1951ರ ಡಿಸೆಂಬರ್ 25ರಂದು ಶುರುವಾಯಿತು. ಆಗ ವಿಮಾನ ಓಡುವ ದಾರಿ, ಅಂದರೆ ರನ್‌ವೇ, 1,615 ಮೀಟರ್ ಇತ್ತು. ದೊಡ್ಡ ವಿಮಾನಕ್ಕೆ ಅದು ಸಾಲದು. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಅದೇ ವರ್ಷ ದುಬೈಗೆ ವಿಮಾನ ಹಾರಿತು. ಗಲ್ಫ್‌ನಲ್ಲಿ ದುಡಿಯುವ ಗಂಡ, ಮಗ, ಮಗಳು ನೇರ ಊರಿಗೇ ಬಂದು ಇಳಿಯುವಂತಾಯಿತು.

ಆದರೆ ಈ ರನ್‌ವೇ ಮೇಜಿನ ಹಾಗೆ. ಮೇಲೆ ಸಮತಟ್ಟು, ಅಂಚಿನಲ್ಲಿ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇಯ ಬಹಳ ಮುಂದೆ ನೆಲ ಮುಟ್ಟಿತು. ನಿಲ್ಲದೆ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು. ಉಳಿದವರು ಬರೇ 8 ಮಂದಿ. ಎಷ್ಟೋ ಮನೆಗಳ ದೀಪ ಅಂದು ಆರಿತು.

ಆದ್ದರಿಂದ ನಿಲ್ದಾಣದ ಅಭಿವೃದ್ಧಿ ಎಂದರೆ ಹೊಳೆಯುವ ಗಾಜು, ನುಣುಪು ನೆಲ ಮಾತ್ರ ಅಲ್ಲ. ರನ್‌ವೇ ಗಟ್ಟಿ ಇರಬೇಕು. ದೀಪ ಸರಿ ಇರಬೇಕು. ರನ್‌ವೇಯ ಕೊನೆಯಲ್ಲಿ ಸುರಕ್ಷಿತ ಜಾಗ ಇರಬೇಕು. 2023ರಲ್ಲಿ ಕೆಲವು ತಿಂಗಳು ಹಗಲು ಹೊತ್ತು ವಿಮಾನ ನಿಲ್ಲಿಸಿ ರನ್‌ವೇಗೆ ಹೊಸ ಡಾಮರು ಹಾಕಿದರು. ಪ್ರಯಾಣಿಕರಿಗೆ ತೊಂದರೆ ಆಯ್ತು, ನಿಜ. ಆದರೆ ಜೀವಕ್ಕಿಂತ ದೊಡ್ಡದು ಯಾವುದು?

ಬಿಟ್ಟುಕೊಟ್ಟವರು

ಇನ್ನೊಂದು ಮಾತು ಮರೆಯಬಾರದು. ಬಂದರಿಗೆ ಜಾಗ ಎಲ್ಲಿಂದ ಬಂತು? ಪಣಂಬೂರಿನ ಸುತ್ತಲಿನ ಜನ ಮನೆ, ಗದ್ದೆ, ತೆಂಗಿನ ಮರ ಬಿಟ್ಟು ಎದ್ದರು. ಕಾಟಿಪಳ್ಳ, ಕೃಷ್ಣಾಪುರದಲ್ಲಿ ಹೊಸದಾಗಿ ಬದುಕು ಕಟ್ಟಿದರು. ಊರಿನ ಲಾಭದಲ್ಲಿ ಅವರ ಕಣ್ಣೀರೂ ಸೇರಿದೆ.

ನಾವು ಏನು ಮಾಡಬಹುದು?

ಇಂಥ ಅನೇಕ ದೊಡ್ಡ ಯೋಜನೆಗಳಿಗೆ ಮೊದಲು ಪರಿಸರದ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಸಬೇಕು. ಅದಕ್ಕೆ 2006ರ ನಿಯಮ ಇದೆ. ಕನಿಷ್ಠ 30 ದಿನ ಮೊದಲೇ ಪೇಪರಿನಲ್ಲಿ ತಿಳಿಸಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಸಭೆಗೆ ಯಾರೂ ಹೋಗಬಹುದು, ಮಾತಾಡಬಹುದು. ನಾವು ಹೇಳಿದ್ದನ್ನು ಅಧಿಕಾರಿಗಳು ಬರೆದುಕೊಳ್ಳಬೇಕು. ಕೊನೆಗೆ ಅದನ್ನು ನಮ್ಮ ಭಾಷೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಬೇಕು.

ಇದನ್ನು ಕೇಳಿ ಆ ಅಕ್ಕ ಅಂದರು: “ಹಾಗಾದರೆ ನೋಟೀಸು ಬಂದರೆ ನಾವೇ ಓದುವ. ಸಭೆಗೂ ಒಟ್ಟಿಗೆ ಹೋಗುವ. ಒಬ್ಬಳೇ ಹೋದರೆ ಹೆದರಿಕೆ, ಹತ್ತು ಮಂದಿ ಹೋದರೆ ಧೈರ್ಯ.”

ಹೌದು. ಹಡಗೂ ಬರಲಿ, ವಿಮಾನವೂ ಬರಲಿ. ಆದರೆ ಯಾರಿಗೆ ಕೆಲಸ, ಯಾರಿಗೆ ನಷ್ಟ, ಪರಿಹಾರ ಎಷ್ಟು ಎಂದು ನಾವು ಕೇಳೋಣ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಈಗ ಓದಿ, ಅರ್ಥ ಮಾಡಿಕೊಂಡು, ಆಮೇಲೆ ರುಜು ಹಾಕೋಣ.