ಮಗು ಮಲಗಿದ ಹೊತ್ತಿನ ದುಡಿಮೆ

ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳಲ್ಲಿ ಕಾವಲಿ ಮುಂದೆ ನಿಂತವರು ಬಹುಪಾಲು ಗಂಡಸರು. ಕಟ್ಟಿಗೆ ಒಲೆಗೆ ಸೌದೆ ಒಟ್ಟುವವರು, ತಟ್ಟೆ ತರುವವರು, ಗಲ್ಲಾದಲ್ಲಿ ಕೂತವರು ಎಲ್ಲರೂ ಗಂಡಸರೇ. ಈ ದೋಸೆಗೆ ಮೊದಲ ಹಿಟ್ಟು ಕಲಸಿದವಳು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದ ಒಬ್ಬ ತಾಯಿ ಎಂಬುದು ತಟ್ಟೆ ಖಾಲಿಯಾಗುವ ತನಕ ಯಾರಿಗೂ ನೆನಪಾಗುವುದಿಲ್ಲ. ಖಾಲಿಯಾದ ಮೇಲೂ ಇಲ್ಲ, ಬಿಡಿ.

ಆಕೆಯ ಹೆಸರು ಚೆನ್ನಮ್ಮ. 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ದಾವಣಗೆರೆಗೆ ಬಂದು ನೆಲೆಸಿದಳು, ವಸಂತ ಟಾಕೀಸಿನ ಹತ್ತಿರ ಸಾವಳಗಿ ನಾಟಕ ಥಿಯೇಟರಿನ ಹೊರಗೆ ದೋಸೆ ಹುಯ್ಯಲು ಕೂತಳು ಎಂಬುದು ಊರಿನಲ್ಲಿ ಉಳಿದುಬಂದ ಕತೆ. ಆಗ ಬೆಳಗಾವಿ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ದಾವಣಗೆರೆ ಮೈಸೂರು ಸಂಸ್ಥಾನಕ್ಕೆ. ನಡುವೆ ಹರಿಹರದ ತುಂಗಭದ್ರೆ. ಆ ಹೊಳೆ ದಾಟಿದರೆ ಸರ್ಕಾರವೇ ಬೇರೆ. ಹೊಸ ಊರು, ಹೊಸ ದೊರೆ, ಹೊಟ್ಟೆ ಮಾತ್ರ ಹಳೆಯದು.

ನನ್ನ ಕುತೂಹಲ ಇರುವುದು ಆ ಜಾಗದ ಮೇಲೆ, ಅಲ್ಲಿನ ಹೊತ್ತಿನ ಮೇಲೆ. ಕಂಪನಿ ನಾಟಕವೆಂದರೆ ರಾತ್ರಿಯ ವ್ಯವಹಾರ. ದೀಪ ಹಚ್ಚಿದ ಮೇಲೆ ಜನ ಸೇರುತ್ತಾರೆ, ನಡುವೆ ಎದ್ದು ಹೊರಗೆ ಬರುತ್ತಾರೆ, ಮುಗಿದ ಮೇಲೆ ಹಸಿದುಕೊಂಡು ಮನೆ ದಾರಿ ಹಿಡಿಯುತ್ತಾರೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರಿಗೆ ನಾಟಕದ ಹಸಿವನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ದೋಸೆಯ ಕೆಲಸವನ್ನು ನೋಡಿ. ನೆನೆಹಾಕುವುದಕ್ಕೆ ಎರಡು ನಿಮಿಷ ಸಾಕು. ರುಬ್ಬುವುದು ಮಕ್ಕಳು ಮಲಗಿದ ಮೇಲೂ ಆಗುತ್ತದೆ. ಹುದುಗು ಬರುವುದು ಹಿಟ್ಟಿನ ಕೆಲಸ, ತಾಯಿಯದಲ್ಲ. ನಡುವೆ ಮಗುವಿಗೆ ಜ್ವರ ಬಂದರೆ ಹಿಟ್ಟು ಒಂದಿಷ್ಟು ಹುಳಿಯಾದೀತು, ಆದರೆ ಮೇಸ್ತ್ರಿ ಬಂದು ಹಾಜರಿ ಕತ್ತರಿಸುವುದಿಲ್ಲ. ಇಷ್ಟನ್ನೆಲ್ಲ ಲೆಕ್ಕ ಹಾಕಿಯೇ ಆಕೆ ದೋಸೆಗೆ ಕೈಹಾಕಿದಳೆಂದು ನಾನು ಹೇಳಲಾರೆ. ಹಾಕಿರದಿದ್ದರೂ ಲೆಕ್ಕ ಸರಿಬಂದಿತ್ತು.

ಆಗ ಅದು ರಾಗಿ ಹಿಟ್ಟಿನ ದೋಸೆ. 1938ರ ಸುಮಾರಿಗೆ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿಗೆ ಹೊರಳಿದರು, ಬೆಣ್ಣೆ ಧಾರಾಳವಾಯಿತು. 1944ರ ಹೊತ್ತಿಗೆ ಆ ಮಕ್ಕಳಲ್ಲಿ ಶಾಂತಪ್ಪ ವಸಂತ ಟಾಕೀಸಿನ ಬಳಿ, ಮಹಾದೇವಪ್ಪ ಹಳೇ ಬಸ್ ಸ್ಟ್ಯಾಂಡ್ ಕಡೆ ಹೋಟೆಲು ತೆರೆದರು. ಅಲ್ಲಿಂದ ಮುಂದೆ ಇದು ಹೋಟೆಲುಗಳ ಚರಿತ್ರೆ: ಯಾವುದು ಮೂಲ, ಯಾವುದು ನಕಲು, ಯಾರ ಚಟ್ನಿ ನೀರು. ಬೀದಿಯಲ್ಲಿದ್ದ ಕಾವಲಿಗೆ ನಾಲ್ಕು ಗೋಡೆ, ಬೋರ್ಡು, ತೆರೆಯುವ ಮುಚ್ಚುವ ಹೊತ್ತು ಬಂದದ್ದೇ ತಡ, ಅದು ಹೆಂಗಸರ ಕೈ ತಪ್ಪಿತು. ಬೆಳಗಿನ ಆರಕ್ಕೆ ಬಾಗಿಲು ತೆಗೆಯಲೇಬೇಕು ಎಂದಾದರೆ ಆರಕ್ಕೆ ಮಗುವಿಗೆ ಹಾಲು ಕುಡಿಸುವವಳು ಏನು ಮಾಡಬೇಕು?

ಅಷ್ಟರಲ್ಲಿ ಊರಿಗೆ ಹತ್ತಿ ಗಿರಣಿಗಳು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂತು. 1941ರಲ್ಲಿ ಹರಿಹರಕ್ಕೆ ಲೇತ್ ಯಂತ್ರ ಮಾಡುವ ಮೈಸೂರು ಕಿರ್ಲೋಸ್ಕರ್ ಬಂತು. ಎರಡೂ ಊರು ಸೈರನ್ನಿಗೆ ಏಳುವುದನ್ನು ಕಲಿತವು. ಪಾಳಿಯ ಸೈರನ್ನು ಗಂಡಸರನ್ನು ಎಬ್ಬಿಸಿತು, ಅವರಿಗೆ ಬುತ್ತಿ ಕಟ್ಟಲು ಅದಕ್ಕೂ ಮೊದಲೇ ಹೆಂಗಸರು ಎದ್ದಿದ್ದರು. 1948ರ ಕಾರ್ಖಾನೆ ಕಾಯ್ದೆ ಸಂಜೆ 7ರಿಂದ ಬೆಳಗಿನ 6ರವರೆಗೆ ಹೆಂಗಸರನ್ನು ದುಡಿಸಬಾರದು ಎಂದಿತು, 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಗೃಹ ಬೇಕು ಎಂದಿತು. 1976ರಲ್ಲಿ ಆ 50 ಎಂಬುದು 30ಕ್ಕೆ ಇಳಿಯಿತು. ಒಳ್ಳೆಯ ಕಾಯ್ದೆಯೇ. ಆದರೆ ಅದು ಕಾರ್ಖಾನೆಯ ಗೇಟಿನೊಳಗೆ ಎಣಿಸುತ್ತಿತ್ತು. ಹೆಂಗಸರು ಇದ್ದದ್ದು ಗೇಟಿನ ಹೊರಗೆ.

ಎಲ್ಲಿ ಎಂದರೆ, ಒಂದು ಪಾಲು ಬೀಡಿಯ ಮೊರದ ಮುಂದೆ. ದಾವಣಗೆರೆಯ ಆಜಾದ್ ನಗರ, ಭಾಷಾ ನಗರದ ಕಡೆ, ಹರಿಹರದ ಓಣಿಗಳಲ್ಲಿ ಎರಡು ಮೂರು ತಲೆಮಾರು ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದೆ. ಗುತ್ತಿಗೆದಾರ ಎಲೆ, ತಂಬಾಕು ಕೊಡುತ್ತಾನೆ. ಮನೆಯಲ್ಲಿ ಕಟ್ಟಿ ಎಣಿಸಿ ಒಪ್ಪಿಸಬೇಕು. ಕೂಲಿ ಸಾವಿರಕ್ಕೆ ಇಷ್ಟು. ಎಲೆ ಒದ್ದೆ ಬಟ್ಟೆಯಲ್ಲಿ ಮೆತ್ತಗಾಗುತ್ತಿರುವಾಗ ಅನ್ನಕ್ಕಿಡಬಹುದು, ಮೊರ ತೊಡೆಯ ಮೇಲಿಟ್ಟುಕೊಂಡೇ ಕಾಲಲ್ಲಿ ತೊಟ್ಟಿಲು ತೂಗಬಹುದು. ಬೆಂಗಳೂರಿನ ಕಂಪನಿಗಳು 2020ರಲ್ಲಿ ‘ವರ್ಕ್ ಫ್ರಮ್ ಹೋಮ್’ ಎಂದಾಗ ಪತ್ರಿಕೆಗಳು ಹೊಸ ಖಂಡ ಕಂಡವರಂತೆ ಬರೆದವು. ನಮ್ಮ ಓಣಿಯಲ್ಲಿ ಅದಕ್ಕೆ ಹೆಸರಿರಲಿಲ್ಲ, ಕೆಮ್ಮು ಇತ್ತು. ತಂಬಾಕಿನ ಘಾಟು ತಾಯಿಯ ಮೂಗಿಗೂ ತೊಟ್ಟಿಲಿಗೂ ಒಂದೇ.

ಆದರೂ ಮನೆಯಲ್ಲಿ ಕೂತು ದುಡಿಯುವವಳನ್ನು ಕಾರ್ಮಿಕಳೆಂದು ಕಾಯ್ದೆ ಒಪ್ಪಿಕೊಂಡದ್ದರಲ್ಲಿ ಈ ಬೀಡಿಯ ಪಾಲು ದೊಡ್ಡದು, ಇದನ್ನು ಮರೆಯಬಾರದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಗೆ ಎಲೆ ಒಯ್ದು ಕಟ್ಟುವವರನ್ನೂ ನೌಕರರ ಲೆಕ್ಕಕ್ಕೆ ಸೇರಿಸಿತು, ಹೆರಿಗೆ ಸೌಲಭ್ಯ ಕಾಯ್ದೆಯನ್ನು ಬೀಡಿ ಉದ್ಯಮಕ್ಕೆ ಅನ್ವಯಿಸಿತು. ಮಾಲೀಕರು ಬಿಡುತ್ತಾರೆಯೇ? ಅವಳ ಮನೆಗೆ ನಾವು ಮೇಲ್ವಿಚಾರಕರನ್ನು ಕಳಿಸುವುದಿಲ್ಲ, ಅವಳು ಎಷ್ಟು ಹೊತ್ತಿಗೆ ಕೂತಳು ಎದ್ದಳು ನಮಗೆ ತಿಳಿಯದು, ಹಾಗಾದರೆ ನೌಕರಳು ಹೇಗೆ ಎಂಬ ಧಾಟಿಯ ತಕರಾರು. ಅವಳಿಗೆ ಅನುಕೂಲವಾಗಿದ್ದ ಅದೇ ಸಡಿಲ ಹೊತ್ತು ಅವಳ ಹಕ್ಕಿಗೆ ಅಡ್ಡ ಬಂತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಎರಡು ವರ್ಷದ ನಂತರ ಬಂದ ಕಲ್ಯಾಣ ನಿಧಿ ಬೀಡಿಯವರ ಮಕ್ಕಳಿಗೆ ವಿದ್ಯಾರ್ಥಿವೇತನ ತಂದಿತು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಸಲ ಶಾಸನಸಭೆಗೆ ಕಳಿಸಿದ ಕೆಂಬಾವುಟದ ಊರಿದು. ಸಂಘ ಎಂಬ ಮಾತು ಇಲ್ಲಿ ಬಾಗಿಲೊಳಗಿನ ಹೆಂಗಸರಿಗೂ ಹೊಸದಾಗಿರಲಿಲ್ಲ.

ಇನ್ನೊಂದು ಪಾಲು ಹೆಂಗಸರು ದುಡಿದದ್ದು ಮಂಡಕ್ಕಿ ಭಟ್ಟಿಗಳಲ್ಲಿ. ಅವರಿಗೆ ಕಾಯ್ದೆಯ ಆ ಭಾಗ್ಯ ಇರಲಿಲ್ಲ. ಅಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು, ಹೊಗೆ. ಮನೆಮಂದಿಯೆಲ್ಲ ಸೇರಿ ಮಾಡುವ ದುಡಿಮೆ, ಆದ್ದರಿಂದ ಮಗುವನ್ನು ಯಾರ ಬಳಿ ಬಿಡುವುದು ಎಂಬ ಪ್ರಶ್ನೆಯಿಲ್ಲ, ಜೊತೆಗೇ ತಂದರಾಯಿತು. ಜೊತೆಗೆ ಬಂದ ಮಗು ಒಂದು ದಿನ ಜರಡಿ ಹಿಡಿಯುತ್ತದೆ. ಭಟ್ಟಿಗಳಲ್ಲಿ ಮಕ್ಕಳ ದುಡಿಮೆಯ ಸುದ್ದಿ ವರ್ಷಗಟ್ಟಲೆ ಬಂದದ್ದು ಹೀಗೆ. ತಾಯಂದಿರನ್ನು ಬೈಯುವುದು ಸುಲಭ. ಅವರ ಓಣಿಯಲ್ಲಿ ಮಗು ಬಿಡಲು ಇದ್ದ ಜಾಗ ಯಾವುದೆಂದು ಬೈದವರು ತೋರಿಸಬೇಕಿತ್ತು.

ಕಾಯ್ದೆಗಳು ಆಮೇಲೆ ಬಹಳ ಬಂದವು, ಬೇಗ ಹೇಳಿಬಿಡುತ್ತೇನೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಮಂದಿ ಇರುವಲ್ಲಿ ಶಿಶುಗೃಹ, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡುವ ಹಕ್ಕು, ಮಾಲೀಕ ಒಪ್ಪಿದರೆ ಮನೆಯಿಂದ ಕೆಲಸ. ‘ಮಾಲೀಕ ಒಪ್ಪಿದರೆ’ ಎಂಬಲ್ಲಿಗೆ ಬಂದಾಗ ಚೆನ್ನಮ್ಮ ನೆನಪಾಗುತ್ತಾಳೆ, ಅವಳಿಗೆ ಒಪ್ಪಿಸಬೇಕಾದ ಮಾಲೀಕನೇ ಇರಲಿಲ್ಲ. ರಾಜ್ಯದ 2023-24ರ ಬಜೆಟ್ಟಿನಲ್ಲಿ 4,000 ‘ಕೂಸಿನ ಮನೆ’ಗಳ ಮಾತು ಬಂತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಆಸರೆ. ಎಷ್ಟು ಚೆಂದದ ಹೆಸರು. ಆದರೆ ಅದು ಹಳ್ಳಿಗೆ, ಭಾಷಾ ನಗರಕ್ಕಲ್ಲ.

ನಿಜವಾಗಿ ದಿನಚರಿಯನ್ನು ಸಡಿಲಿಸಿದ್ದು ಬೇರೆಯದೇ ಒಂದು ಸಂಗತಿ ಎಂದು ನನ್ನ ಅನಿಸಿಕೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಹರಿಹರ–ದಾವಣಗೆರೆ ನಡುವೆ ಇರುವುದು 14 ಕಿಲೋಮೀಟರು. ಮೊದಲಾದರೆ ಅರ್ಧ ದಿನದ ಕೆಲಸಕ್ಕೆ ಹೋಗಿಬರುವ ಚಾರ್ಜು ಕೂಲಿಯನ್ನೇ ತಿನ್ನುತ್ತಿತ್ತು. ಈಗ ಬೆಳಿಗ್ಗೆ ಎರಡು ಮನೆಯ ಅಡಿಗೆ ಮುಗಿಸಿ ಮಧ್ಯಾಹ್ನ ಊರು ಸೇರಿ, ಸಂಜೆ ಬೇಕೆಂದರೆ ಮತ್ತೆ ಬಸ್ಸು ಹತ್ತಬಹುದು.

ಹೋದ ತಿಂಗಳು ಹರಿಹರದಲ್ಲಿ ಇಳಿದು ನಡೆಯುತ್ತಿದ್ದಾಗ ಮನೆಯ ಮುಂದಿನ ಕಟ್ಟೆಯ ಮೇಲೆ ಒಲೆ ಹೂಡಿದ್ದ ಒಬ್ಬಾಕೆ ಕಂಡಳು. ಪಡ್ಡು ಸುಡುತ್ತಿದ್ದಳು, ನಾಲ್ಕೈದು ಗಿರಾಕಿ. ಬೆಂಚಿನ ಮೇಲೆ ಕೂತು ಒಂದು ಪ್ಲೇಟು ತಿಂದೆ. ಇನ್ನೊಂದಕ್ಕೆ ಹೇಳುವಷ್ಟರಲ್ಲಿ ತಿರುವಿನಲ್ಲಿ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಆಕೆ ಉರಿ ಸಣ್ಣ ಮಾಡಿ, ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

‘ಆರೂವರಿಗೆ ಬರ್ರಿ ಅಕ್ಕಾ, ಹೋಂವರ್ಕ್ ಮಾಡ್ಸಿ ಮತ್ತೆ ಹಾಕ್ತೀನಿ’ ಎಂದಳು. ಪ್ಲೇಟು ಹಿಡಿದು ನಿಂತಿದ್ದ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತರು.